ಪ್ರೇಮಮ್ಮ ಸಹಿ ಹಾಕಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನಾನು ಸಹಿ ಹಾಕಿದವನು. ಯೋಗಾನಂದ ಅಂತ, ಕಡೂರಿನ ಆಫೀಸಿನಲ್ಲಿ ಆರು ವರ್ಷ ಗುಮಾಸ್ತನಾಗಿದ್ದೆ. ಕೆಲಸ ಹೋದ ದಿನ ಮುಂದಿಟ್ಟ ಕಾಗದದಲ್ಲಿದ್ದದ್ದು ಸುಳ್ಳೆಂದು ಗೊತ್ತಿದ್ದೂ ಹೆಸರು ಗೀಚಿ ಬಂದೆ. ಪ್ರೇಮಮ್ಮ ಹಾಕಲಿಲ್ಲ. ಅವರ ಕಥೆ ಹೇಳಲು ನಿನಗೇನು ಯೋಗ್ಯತೆ ಎಂದು ಕೇಳುವವರು ಕೇಳಿಕೊಳ್ಳಲಿ.

ನಮ್ಮದು ಕ್ಷಯರೋಗಿಗಳನ್ನು ನೋಡಿಕೊಳ್ಳುವ ಸಂಸ್ಥೆ. ಮಾತ್ರೆ ನಮ್ಮ ಸರ್ಕಾರದ್ದು. ಅದನ್ನು ರೋಗಿಯ ಮನೆಗೆ ಮುಟ್ಟಿಸಿ, ಎದುರು ಕೂತು ನುಂಗಿಸುವವರ ಸಂಬಳ, ಸ್ಕೂಟರು, ಪೆಟ್ರೋಲು ಮಾತ್ರ ಸಮುದ್ರದಾಚೆಯ ಒಂದು ಸರ್ಕಾರದ ನೆರವು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿಗೆ ನಾವು ಒಂಬತ್ತು ಜನ. ಅದರಲ್ಲಿ ಬಾಯಿ ಜೋರು ಪ್ರೇಮಮ್ಮನದೇ, ಕೆಲಸವೂ ಜೋರು. ಅವರ ಗಂಡ ಇದೇ ಕಾಯಿಲೆಯಲ್ಲಿ, ಸ್ವಲ್ಪ ಗುಣವಾಯಿತೆಂದು ಅರ್ಧಕ್ಕೇ ಮಾತ್ರೆ ಬಿಟ್ಟು, ತೀರಿಹೋದವರು.

ಹಳ್ಳಿಯಲ್ಲಿ ಟಿ.ಬಿ. ಎಂದರೆ ಕುಡಿಯುವ ಚೊಂಬೇ ಬೇರೆಯಾಗುತ್ತದೆ. ಅದಕ್ಕೇ ಪ್ರೇಮಮ್ಮ ಹಣೆಗೆ ವಿಭೂತಿ ಬಳಿದು, ಹೆಗಲಿಗೆ ಜೋಳಿಗೆ ಹಾಕಿ, ಸೋಮವಾರ ಸೋಮವಾರ ಮಠದ ದಾಸೋಹಕ್ಕೆ ಧಾನ್ಯ ಎತ್ತುವವರಂತೆ ಹೋಗುತ್ತಿದ್ದರು. ನಾಲ್ಕು ಮನೆಯಲ್ಲಿ ರಾಗಿ ಹಾಕಿಸಿಕೊಂಡು ಐದನೆಯ ಮನೆಯಲ್ಲಿ ರೋಗಿಗೆ ವಾರದ ಮಾತ್ರೆ ಕೊಡುವುದು. ಒಂದು ಕಾಳೂ ಇಟ್ಟುಕೊಳ್ಳದೆ ರಾಗಿಯನ್ನು ಮಠಕ್ಕೇ ಒಪ್ಪಿಸುತ್ತಿದ್ದರು. ಸ್ವಾಮಿಗಳಿಗೂ ವಿಷಯ ಗೊತ್ತಿತ್ತು, ನಕ್ಕು ಸುಮ್ಮನಾಗಿದ್ದರು.

ಹಿರೇನಲ್ಲೂರು ಕಡೆಯ ಹಳ್ಳಿಯೊಂದರಲ್ಲಿ ನಯನ ಎಂಬ ಹುಡುಗಿ ಅವರ ರೋಗಿ. ಇಪ್ಪತ್ತೆರಡು ವರ್ಷ, ಕೊಬ್ಬರಿ ಸುಲಿಯುವ ಹೆಂಗಸರ ಗುಂಪಿನಲ್ಲಿ ಕೂಲಿ. ಸಾಮಾನ್ಯ ಮಾತ್ರೆಗೆ ಬಗ್ಗದ ಕ್ಷಯ ಅವಳದು. ಆರು ತಿಂಗಳು ಬಲವಾದ ಮಾತ್ರೆ ನುಂಗಬೇಕು, ನಡುವೆ ಬಿಟ್ಟರೆ ಆಮೇಲೆ ಯಾವುದೂ ನಾಟುವುದಿಲ್ಲ. ನಾಲ್ಕು ತಿಂಗಳು ವಾಂತಿ ಮಾಡಿಕೊಂಡೇ ನುಂಗಿದ್ದಳು. ಜೊತೆಗಿದ್ದ ಅಜ್ಜಿ ಜವರಮ್ಮನಿಗೆ ರಕ್ತ ಕಮ್ಮಿ ಎಂದಷ್ಟೇ ಹೇಳಿದ್ದಳು.

ಕಳೆದ ವರ್ಷ ಒಂದು ಸೋಮವಾರ ಎಲ್ಲರನ್ನೂ ಆಫೀಸಿಗೆ ಕರೆಸಿದರು. ಬೆಂಗಳೂರಿನಿಂದ ಬಂದಿದ್ದ ಮೇಲಧಿಕಾರಿ ಧರ್ಮೇಶ್ ಒಂದು ಇಮೇಲ್ ಓದಿದರು. ಆ ದೇಶದವರು ನೆರವು ನಿಲ್ಲಿಸಿದ್ದಾರೆ, ಈ ಗಳಿಗೆಯಿಂದ ಯಾರೂ ರೋಗಿಗಳನ್ನು ಭೇಟಿ ಮಾಡತಕ್ಕದ್ದಲ್ಲ. ಗುರುತಿನ ಕಾರ್ಡು, ಸ್ಕೂಟರ್ ಕೀಲಿ ಇಸಿದುಕೊಂಡು ಒಂದು ಕಾಗದ ಮುಂದಿಟ್ಟರು. ‘ಎಲ್ಲ ರೋಗಿಗಳನ್ನೂ ಸುರಕ್ಷಿತವಾಗಿ ಸರ್ಕಾರಿ ಆಸ್ಪತ್ರೆಗೆ ವಹಿಸಲಾಗಿದೆ’ ಎಂದು ಅದರಲ್ಲಿತ್ತು.

"ನಯನನ್ನ ಯಾರ ಕೈಗೆ ವಹಿಸಿದ್ರಿ ಸಾರ್?" ಎಂದರು ಪ್ರೇಮಮ್ಮ.

"ಅದೊಂದು ಫಾರ್ಮಾಲಿಟಿ ಕಣಮ್ಮ. ಇದು ದೇಶ ದೇಶಗಳ ಮಟ್ಟದ ತೀರ್ಮಾನ, ನನ್ನ ಕೈಲೇನೈತೆ?"

"ದೇಶ ದೇಶ ಏನಾದ್ರೂ ಮಾಡ್ಕಳ್ಳಿ. ಆ ಹುಡುಗಿಗಿನ್ನೂ ಎಂಟು ವಾರದ ಮಾತ್ರೆ ಬಾಕಿ ಐತೆ. ಈ ಸುಳ್ಳಿಗೆ ನಾನು ಸಹಿ ಹಾಕಲ್ಲ."

"ಸಹಿ ಇಲ್ದಿದ್ರೆ ಅನುಭವದ ಸರ್ಟಿಫಿಕೇಟ್ ಸಿಗಲ್ಲ."

"ನೀವೇ ಇಟ್ಕಳಿ" ಎಂದು ಎದ್ದು ಹೋದರು. ನಾವು ಎಂಟು ಜನ ತಲೆ ತಗ್ಗಿಸಿ ಸಾಲಾಗಿ ನಿಂತು ಸಹಿ ಹಾಕಿದೆವು. ಆ ಎಂಟು ಸಹಿಗಳ ಕೆಳಗೆ ಎಷ್ಟು ಜನ ಮಾತ್ರೆ ಬಿಟ್ಟರೋ ಇವತ್ತಿಗೂ ಯಾರೂ ವಿಚಾರಿಸಿಲ್ಲ.

ರಾತ್ರಿಯೆಲ್ಲ ನನಗೆ ನಾಚಿಕೆ. ಬೆಳಿಗ್ಗೆ ಬೈಕ್ ತೆಗೆದುಕೊಂಡು ಅವರ ಮನೆಗೆ ಹೋಗಿ "ಪ್ರೇಮಕ್ಕ, ಹತ್ತಿ" ಎಂದೆ. ಸರ್ಕಾರಿ ಆಸ್ಪತ್ರೆಯ ನರ್ಸು ಕಾರ್ಡು ಕೇಳಲಿಲ್ಲ, ಮುಖ ನೋಡಿಯೇ ಮಾತ್ರೆ ಕೊಟ್ಟರು. ನಯನಳ ಮಾತ್ರೆ ಭಾನುವಾರಕ್ಕೇ ಮುಗಿದಿತ್ತು, ಎಂದಿನ ವಿಭೂತಿ ಜೋಳಿಗೆಯಲ್ಲೇ ಪ್ರೇಮಮ್ಮನನ್ನು ಅವಳ ಮನೆಗೆ ಕರೆದೊಯ್ದೆ. ಆ ಅವಸರದಲ್ಲಿ ನಮ್ಮಿಬ್ಬರಿಗೂ ಅಂದು ಮಂಗಳವಾರ ಎಂಬ ಪರಿವೆಯೇ ಇರಲಿಲ್ಲ. ಈ ಸೀಮೆಯಲ್ಲಿ ಹುಟ್ಟಿ ಬೆಳೆದವರು ಮಾಡುವ ತಪ್ಪೇ ಅದು?

ಜವರಮ್ಮ ಬಾಗಿಲಿಗೆ ಅಡ್ಡ ನಿಂತರು. "ಮಂಗಳವಾರ ಮನೆಯಿಂದ ಕಾಳು ಆಚೆ ಹೋಗಲ್ಲ ಕಣವ್ವ. ಸೋಮಾರ ಬಾ."

"ಕಾಳು ಬ್ಯಾಡ ಜವರವ್ವ, ಒಳಗೆ ಒಂದ್ಗಳಿಗೆ ಕೂತು ಹೋಯ್ತೀನಿ."

"ಕಾಳು ಬ್ಯಾಡ ಅಂದ್ರೆ ಮಠದೋಳಿಗೆ ನಮ್ಮನೇಲಿ ಏನ್ ಕೆಲ್ಸ? ಜೊತೆಗೆ ಈ ಗಂಡಸ್ಯಾರು?"

ಪ್ರೇಮಮ್ಮ ಜೋಳಿಗೆಯ ಬಾಯಿ ಬಿಗಿಹಿಡಿದರು. ರೋಗಿಯ ಗುಟ್ಟನ್ನು ತಾವಾಗಿ ಬಿಟ್ಟುಕೊಡುವವರಲ್ಲ ಅವರು. ಎದುರು ಜಗಲಿಯ ಮೇಲೆ ಆಗಲೇ ನಾಲ್ಕು ಜನ ಸೇರಿದ್ದರು. ಮಾತ್ರೆ ಜೋಳಿಗೆಯಲ್ಲಿ, ಹುಡುಗಿ ಒಳಗೆ. ನಾನು ಬೈಕಿನ ಕಡೆ ತಿರುಗಿದ್ದೆ.

ಅಷ್ಟರಲ್ಲಿ ನಯನ ಹೊರಗೆ ಬಂದಳು. "ಅಜ್ಜಿ, ದಾರಿ ಬಿಡು. ಅವ್ರು ನಂಗೆ ಮಾತ್ರೆ ತಂದವ್ರೆ. ನಂಗಿರೋದು ಟಿ.ಬಿ." ಜಗಲಿಯ ಕಡೆಗೂ ತಿರುಗಿದಳು. "ಕೇಳಿಸ್ಕಳ್ಳೋರು ಚೆನ್ನಾಗಿ ಕೇಳಿಸ್ಕಳಿ. ಮುಚ್ಚಿಟ್ಕಂಡು ಸಾಯಾಕೆ ನನ್ ಕೈಲಾಗಲ್ಲ."

ಜವರಮ್ಮ ಪ್ರೇಮಮ್ಮನ ಕಡೆ ತಿರುಗಿ, "ಹಂಗಾರೆ ನಾಕು ತಿಂಗಳಿಂದ ನಾನ್ ಹಾಕಿದ್ ರಾಗಿ?" ಎಂದರು.

"ಮಠಕ್ಕೇ ಹೋಗೈತೆ. ಬೇಕಾದ್ರೆ ಹೋಗಿ ಕೇಳು."

"ಸುಳ್ಳಿ" ಎಂದು ಬೈದು ಜವರಮ್ಮ ಒಳಗೆ ಹೋಗಿ, ತಾವು ಕುಡಿಯುವ ಚೊಂಬಿನಲ್ಲೇ ನೀರು ತಂದು ಮೊಮ್ಮಗಳ ಕೈಗಿಟ್ಟರು.

ಅಂದಿನಿಂದ ದಿನಾ ಎದುರು ಕೂತು ಮಾತ್ರೆ ನುಂಗಿಸಿದವರು ಅಜ್ಜಿಯೇ. ಎಂಟೂ ವಾರ ನಾವಿಬ್ಬರೂ ನನ್ನ ಬೈಕಿನಲ್ಲಿ ಹೋದೆವು, ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರಿಗೇ. ಕೊಬ್ಬರಿ ಗುಂಪಿನವರು ನಯನಳನ್ನು ಬಿಟ್ಟುಬಿಟ್ಟಿದ್ದರು. ಪ್ರೇಮಮ್ಮ ಅಲ್ಲಿಗೂ ಹೋಗಿ, ತಿಂಗಳುಗಟ್ಟಲೆ ತಪ್ಪದೆ ಮಾತ್ರೆ ನುಂಗಿದವರಿಂದ ಕಾಯಿಲೆ ಹರಡದೆಂದು ಡಾಕ್ಟರ್ ಬಾಯಲ್ಲೇ ಫೋನಿನಲ್ಲಿ ಹೇಳಿಸಿ, ಒಪ್ಪದವರ ಜೊತೆ ಜಗಳ ಕಾದು ಬಂದರು. ಅರ್ಧ ಜನ ಒಪ್ಪಿದರು, ಅರ್ಧ ಜನ ಇಲ್ಲ.

ಕೊನೆಯ ಪರೀಕ್ಷೆಯಲ್ಲಿ ಕಫದಲ್ಲಿ ರೋಗಾಣು ಇಲ್ಲವೆಂದು ಬಂತು. ವಾರದೊಳಗೆ ನನಗೆ ಧರ್ಮೇಶ್ ಫೋನು. ಆ ದೇಶಕ್ಕೆ ಕೊನೆಯ ವರದಿ ಕಳಿಸಬೇಕಂತೆ, ಗುಣವಾದವರ ಪಟ್ಟಿಯಲ್ಲಿ ನಯನಳ ಹೆಸರು ಸೇರಿಸಬೇಕಂತೆ. ನಾವು ಆಗ ಜವರಮ್ಮನ ಮನೆಯಲ್ಲೇ ಇದ್ದೆವು. ಫೋನನ್ನು ಪ್ರೇಮಮ್ಮನಿಗೆ ಕೊಟ್ಟೆ.

"ಅವತ್ತು ಬ್ಯಾಡವಾಗಿದ್ಲು, ಈಗ ಬೇಕಾದ್ಲಾ?" ಎಂದರು ಪ್ರೇಮಮ್ಮ. "ಬರ್ಕಳಿ ಸಾರ್. ಭೇಟಿ ನಿಲ್ಲಿಸಿ ಅಂತ ಆಫೀಸಿನೋರು ನಾವು ಹೇಳಿದ್ವಿ, ಪ್ರೇಮಮ್ಮ, ಯೋಗಾನಂದ ನಿಲ್ಲಿಸ್ಲಿಲ್ಲ, ಅದಕ್ಕೇ ಹುಡುಗಿ ಬದುಕವ್ಳೆ ಅಂತ ಬರ್ಕಳಿ. ಬೇರೆ ಏನು ಬರೆದ್ರೂ ನಾನು ಒಪ್ಪಲ್ಲ."

ಧರ್ಮೇಶ್ ಏನು ಬರೆದರೋ ನನಗೆ ಗೊತ್ತಿಲ್ಲ. ಫೋನಿಡುವಷ್ಟರಲ್ಲಿ ನಯನ ಬುತ್ತಿ ಕಟ್ಟಿಕೊಂಡು, ಒಪ್ಪಿದವರ ಜೊತೆ ಕೊಬ್ಬರಿ ಕೂಲಿಗೆ ಹೊರಟಾಗಿತ್ತು.