ಹಾಸ್ಟೆಲ್ ಹುಡುಗಿಯರ ಕಣ್ಣು ನೋಡಿದ್ದು

ಮಗಳು ಏಳನೇ ಕ್ಲಾಸು ಪಾಸಾದಾಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮಸರಕಲ್ ಹತ್ತಿರದ ನಮ್ಮ ಊರಲ್ಲಿ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಹಾಸ್ಟೆಲ್ಲೇ ಗತಿ. ಗಂಡ ಕುರಿ ಹೊಡೆದುಕೊಂಡು ವರ್ಷದಲ್ಲಿ ಆರು ತಿಂಗಳು ಹೊರಗೇ ಇರುತ್ತಿದ್ದ. ಮನೆಯಲ್ಲಿ ಅತ್ತೆಯ ಮಾತೇ ಮಾತು.

"ಕಳಸ್ತೀ ಕಳಸು. ಅಳಕೋತ ವಾಪಸ್ ಬಂದ್ಲಂದ್ರ ಮತ್ತ ಸಾಲಿ ಮಾತು ಎತ್ತಬ್ಯಾಡ. ಕುರಿ ಹಿಂದ ಹೋಗ್ಲಿ."

ಅಂದರೆ ಹುಡುಗಿ ನಿಲ್ಲುವಂಥ ಜಾಗವನ್ನು ಒಂದೇ ಸಲಕ್ಕೆ ಆರಿಸಬೇಕಿತ್ತು. ದೇವದುರ್ಗದ ಹಾಸ್ಟೆಲ್ ತುಂಬಿಹೋಗಿತ್ತು. ಮಾನ್ವಿಯಲ್ಲೊಂದು, ರಾಯಚೂರಲ್ಲೊಂದು ಇವೆ ಎಂದು ಮಾಸ್ತರರು ಹೇಳಿದರು.

ನನಗೆ ಓದುಬರಹ ಅಷ್ಟಕ್ಕಷ್ಟೆ. ಹಾಸ್ಟೆಲ್ ಹೇಗೆ ನೋಡಬೇಕೋ ಗೊತ್ತಿರಲಿಲ್ಲ, ಕುರಿ ನೋಡುವುದು ಗೊತ್ತಿತ್ತು. ಸಿರವಾರದ ಸಂತೆಯಲ್ಲಿ ಮಾರುವವನ ಮಾತಿಗೆ ನಾವು ಕಿವಿ ಕೊಡುವುದಿಲ್ಲ. ಕುರಿಯ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡುತ್ತೇವೆ. ಒಳಗೆ ಕೆಂಪಗಿದ್ದರೆ ಮೇವು ಮೈಗೆ ಹತ್ತಿದೆ. ಬೆಳ್ಳಗಿದ್ದರೆ ಬಿಟ್ಟು ಮುಂದೆ ನಡೆಯುವುದು.

ಮಾನ್ವಿಯ ಹಾಸ್ಟೆಲ್ಲಿನಲ್ಲಿ ಕಟ್ಟೆ ಮೇಲೆ ಕುಳಿತಿದ್ದ ಹುಡುಗಿಯೊಬ್ಬಳ ಗದ್ದ ಹಿಡಿದು ರೆಪ್ಪೆ ಜಗ್ಗಿದೆ. ಅವಳು ಕಿಸಕ್ಕನೆ ನಕ್ಕಳು. ಪಕ್ಕದವಳದ್ದೂ ನೋಡಿದೆ. ಅಷ್ಟರಲ್ಲಿ ವಾರ್ಡನ್ ಅಕ್ಕೋರು ಓಡಿ ಬಂದರು.

"ಏನ್ ಮಾಡಾಕತ್ತೀ ಯವ್ವಾ?"

"ಉಣ್ಣಾಕ ಸರಿ ಹಾಕ್ತೀರೋ ಇಲ್ಲೋ ನೋಡಾಕತ್ತೀನ್ರಿ ಅಕ್ಕೋರ."

"ಇದೇನು ಸಂತಿ ಅಂತ ತಿಳಕೊಂಡಿ?"

"ಸಂತ್ಯಾಗ ಹಲ್ಲೂ ನೋಡ್ತೀವ್ರಿ. ಇಲ್ಲಿ ಬಿಟ್ಟೀನಿ."

ಮಗಳು ನಾಚಿಕೊಂಡು ದೂರ ಹೋಗಿ ಬೇರೆ ಹುಡುಗಿಯರ ಜೊತೆ ಮಾತಿಗೆ ನಿಂತಳು. ನಾಚಿದರೆ ನಾಚಲಿ. ಅಲ್ಲಿ ಎರಡು ಹೊತ್ತೂ ಜೋಳದ ರೊಟ್ಟಿ, ಮಜ್ಜಿಗೆ. ನಾನು ನೋಡಿದ ಹುಡುಗಿಯರ ರೆಪ್ಪೆಯೆಲ್ಲ ಕೆಂಪಗಿತ್ತು.

ಮರುವಾರ ರಾಯಚೂರಿಗೆ ಹೋದೆವು. ಗಲಾಟೆಯೋ ಗಲಾಟೆ. ಕೊಡ ಹಿಡಿದು ನಳದ ಮುಂದೆ ಜಗಳ, ನೀರಿನಂಥ ಸಾರು. ಜಗ್ಗಿ ನೋಡಿದ ರೆಪ್ಪೆಗಳಲ್ಲಿ ಮುಕ್ಕಾಲು ಬಿಳಿ. ಇಲ್ಲಿನ ವಾರ್ಡನ್ ಮಾತ್ರ ಸಿಟ್ಟಾಗಲಿಲ್ಲ. ಬಗ್ಗಿ ತನ್ನ ಮುಖವನ್ನೇ ಮುಂದೆ ಒಡ್ಡಿದರು.

"ನಂದೂ ನೋಡು ಯವ್ವಾ. ನಾನೂ ಅದೇ ಸಾರು ಉಣ್ತೀನಿ."

ಅವರದ್ದೂ ಬಿಳಿಯೇ ಇತ್ತು.

ವಾಪಸು ಬಸ್ಸಿನಲ್ಲಿ ಕೂತ ಮೇಲೆ ಮಾನ್ವಿಯೇ ಸರಿ ಎಂದೆ. ಮಗಳು ಕಿಟಕಿಯಿಂದ ಮುಖ ತಿರುಗಿಸಿದಳು.

"ಯವ್ವಾ, ಮಾನ್ವ್ಯಾಗ ಹತ್ತನೇ ಕ್ಲಾಸಿನ ಹುಡುಗೀರು ಎಷ್ಟ್ ಮಂದಿ ಅದಾರ, ಕೇಳಿದೇನು?"

"ಇಲ್ಲ. ಯಾಕ?"

"ಒಬ್ರೂ ಇಲ್ಲ. ಊರು ಹತ್ರ ಅಂತ ಹಬ್ಬಕ್ಕ, ಹತ್ತಿ ಬಿಡಸಾಕ ಮನಿಯವ್ರು ಕರಕೊಂಡ್ ಹೋಗ್ತಾರಂತ. ಹೋದವ್ರು ತಿರುಗಿ ಬರಂಗಿಲ್ಲಂತ. ರಾಯಚೂರಾಗ ಒಂಬತ್ತು ಮಂದಿ ಅದಾರ."

ದೊಡ್ಡ ಕುರಿ ಒಂದೂ ಇಲ್ಲದ ಹಿಂಡು ಕಂಡರೆ, ಅವೆಲ್ಲ ಎಲ್ಲಿ ಹೋದವು ಎಂದು ಮೊದಲು ಕೇಳಬೇಕಾದವಳು ನಾನು. ರೆಪ್ಪೆ ಜಗ್ಗುವುದರಲ್ಲೇ ನನ್ನ ಬುದ್ಧಿ ಮುಗಿದಿತ್ತು. ಹದಿಮೂರರ ಹುಡುಗಿ ಹಿಂಡು ಎಣಿಸಿಕೊಂಡು ಬಂದಿದ್ದಳು.

"ಸಾರು ನೀರಿದ್ದಂಗ ಅದ ಮತ್ತ," ಎಂದೆ.

"ಕುಡೀತೀನಿ," ಎಂದಳು.

ರಾಯಚೂರಿಗೇ ಸೇರಿಸಿದೆ. ತಿಂಗಳಾದ ಮೇಲೆ ರೊಟ್ಟಿ, ಶೇಂಗಾ ಚಟ್ನಿಪುಡಿ ಗಂಟು ಕಟ್ಟಿಕೊಂಡು ನೋಡಲು ಹೋದೆ. ಗೇಟಿಗೆ ಬಂದ ಮಗಳು ಸೊರಗಿದ್ದಳು. ನನ್ನನ್ನು ಕಂಡದ್ದೇ ಮುಖ ಗಂಟು ಹಾಕಿಕೊಂಡಳು.

"ಕರಕೊಂಡ್ ಹೋಗಾಕ ಬಂದೀಯೇನು?"

"ಇಲ್ಲ ಬೇ, ರೊಟ್ಟಿ ಕೊಡಾಕ."

"ಹಂಗಾರ ಕೊಟ್ಟು ಹೋಗು. ನಾಳಿ ಪರೀಕ್ಷಾ ಅದ."

ಗಂಟು ಇಸಿದುಕೊಂಡು ಒಳಗೆ ನಡೆದೇಬಿಟ್ಟಳು.

ಮನೆಗೆ ಬಂದಾಗ ಅತ್ತೆ ನನ್ನ ಬೆನ್ನ ಹಿಂದೆ ಇಣುಕಿ ನೋಡಿದಳು.

"ಹುಡುಗಿ ಬಂದಿಲ್ಲೇನು?"

"ಇಲ್ರಿ ಅತ್ತಿ. ನನ್ನೇ ಓಡಿಸಿದ್ಲು."

ಅತ್ತೆ ಎರಡು ದಿನ ಮಾತು ಬಿಟ್ಟಳು. ಮನೆ ತಣ್ಣಗಿತ್ತು.