ಗಾದಿಲಿಂಗನ ಹತ್ತೊಂಬತ್ತು ವರ್ಷದ ವೀಸಾ

ಕೊಟ್ಟೂರಿನ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ, ಜಾತಿ ಪ್ರಮಾಣಪತ್ರ, ಬೆಳೆ ವಿಮೆ, ಆಧಾರ್ ತಿದ್ದುಪಡಿ, ಏನು ಬೇಕಾದರೂ ಮಾಡಿಕೊಡುತ್ತೇನೆ. ಬೋರ್ಡಿನ ಮೇಲೆ ‘ಪುಷ್ಪಲತಾ ಆನ್‌ಲೈನ್ ಸೆಂಟರ್’ ಎಂದು ಬರೆಸಿದ್ದೇನೆ. ಈ ಊರಲ್ಲಿ ಯಾರ ಹೊಲ ಯಾರ ಹೆಸರಿಗಿದೆ, ಯಾರು ಯಾವಾಗ ಹುಟ್ಟಿದರು ಎಂಬುದು ಅವರ ಮನೆಯವರಿಗಿಂತ ನನಗೇ ಚೆನ್ನಾಗಿ ಗೊತ್ತು ಎಂದು ಜಂಬ ಕೊಚ್ಚುತ್ತಿದ್ದೆ. ಆ ಜಂಬ ಇಳಿಸಿದವನು ಗಾದಿಲಿಂಗ.

ಗಾದಿಲಿಂಗ ಮೋಟಾರು ರಿಪೇರಿಯವನು. ಬೋರ್‌ವೆಲ್ ಮೋಟಾರು ಸುಟ್ಟುಹೋದರೆ ಕೂಡ್ಲಿಗಿಯಿಂದ, ಹಡಗಲಿಯಿಂದ ರೈತರು ಟಂಟಂ ಆಟೋದಲ್ಲಿ ಹಾಕಿಕೊಂಡು ಇವನ ಹತ್ತಿರವೇ ತರುತ್ತಾರೆ. ತಾಮ್ರದ ತಂತಿ ಸುತ್ತಿ ಎರಡು ದಿನದಲ್ಲಿ ತಿರುಗಿಸಿ ಕೊಡುತ್ತಾನೆ. ಕೈ ಅಷ್ಟು ಚುರುಕು. ತನ್ನ ಸಂಸಾರವನ್ನು ಮಾತ್ರ ಹತ್ತೊಂಬತ್ತು ವರ್ಷ ಸ್ವಿಚ್ ಆಫ್ ಮಾಡಿ ಇಟ್ಟುಕೊಂಡಿದ್ದ.

ಕಾರಣ ಅವನ ಅಕ್ಕ ದುರ್ಗಾದೇವಿ. ಹೊಸಹಳ್ಳಿ ಕಡೆಯ ಅವರ ಹಳ್ಳಿಯಲ್ಲಿ ನರ್ಸಿಂಗ್ ಓದಿದ ಮೊದಲ ಹೆಣ್ಣುಮಗಳು. ಅಮೆರಿಕದ ಆಸ್ಪತ್ರೆಗೆ ಹೋದಳು, ಅಲ್ಲಿಯ ಪ್ರಜೆಯಾದಳು. ಪ್ರಜೆಯಾದವರು ಒಡಹುಟ್ಟಿದವರನ್ನು ಕರೆಸಿಕೊಳ್ಳಬಹುದು ಎಂದು ಆ ದೇಶದಲ್ಲಿ ಕಾನೂನಿದೆ. ಆದರೆ ಸರದಿ ಕಾಯಬೇಕು. 2006ರಲ್ಲಿ ಅಕ್ಕ ಅರ್ಜಿ ಹಾಕಿದಳು. ಇಲ್ಲಿಯ ಕಾಗದಗಳನ್ನೆಲ್ಲ ಜೋಡಿಸಿ ಕಳಿಸಿದವಳು ನಾನೇ. ಅರ್ಜಿಯಲ್ಲಿ ತಾಯಿಯ ಹೆಸರು ಎಂಬಲ್ಲಿ ಇಬ್ಬರಿಗೂ ಗಿಡ್ಡಮ್ಮ, ತಂದೆ ಎಂಬಲ್ಲಿ ಇಬ್ಬರಿಗೂ ಗಂಗಪ್ಪ. ಶಾಲೆಯ ದಾಖಲೆಯಲ್ಲೂ ಹಾಗೇ ಇತ್ತು.

ಅವತ್ತಿನಿಂದ ಗಾದಿಲಿಂಗ ಹೊರಟು ನಿಂತ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಇವನು ಹಿಮಕ್ಕೆ ಬೇಕಾಗುತ್ತದೆಂದು ಹೊಸಪೇಟೆಯಿಂದ ಎರಡು ದಪ್ಪ ಜಾಕೀಟು ತಂದ. ಕೊಟ್ಟೂರಿನ ಏಪ್ರಿಲ್ ತಿಂಗಳಲ್ಲಿ ಒಮ್ಮೆ ಹಾಕಿ ನೋಡಿ, ಬೆವರಿ, ತಲೆ ಸುತ್ತಿ ಬಿದ್ದು, ಸಲೈನ್ ಹಚ್ಚಿಸಿಕೊಂಡು ಬಂದ. ಅಂಗಡಿಯ ಬೋರ್ಡಿನ ಬಣ್ಣ ಹೋದರೂ ಹೊಸದು ಹೊಡೆಸಲಿಲ್ಲ. ಕೇಳಿದರೆ ಒಂದೇ ಮಾತು, “ಹೋಗೋರದೀವಲ್ರಿ ಅಕ್ಕಾರ.”

ಹೋಗುವವರ ಮನೆಯಲ್ಲಿ ಇರುವವಳು ಒಬ್ಬಳಿದ್ದಳು, ಹೆಂಡತಿ ನಾಗರತ್ನ. ಮಕ್ಕಳಿಲ್ಲ. ಬಾಡಿಗೆಯ ಎರಡು ಕೋಣೆಯಲ್ಲಿ ಅತ್ತೆ ಗಿಡ್ಡಮ್ಮನ ಜೊತೆ ಇದ್ದಳು. ಊರ ಹೊರಗೆ ಅವಳ ಹೆಸರಿಗೆ ಪಂಚಾಯಿತಿಯವರು ಕೊಟ್ಟ ಮೂವತ್ತು ನಲವತ್ತರ ಸೈಟಿತ್ತು. ಹುಟ್ಟಿದಾಗಿನಿಂದ ಇನ್ನೊಬ್ಬರ ಸೂರಿನ ಕೆಳಗೇ ಬದುಕಿದ ಹೆಂಗಸು, ಅಲ್ಲೊಂದು ಮನೆ ಕಟ್ಟುವುದೊಂದೇ ಅವಳ ಆಸೆ. ಗಂಡ ಬಿಡಲಿಲ್ಲ. “ನಾವು ಹೋಗೋರು, ಕಟ್ಟಿ ಯಾರಿಗೆ ಬಿಡಾನ?” ಕಟ್ಟದಿದ್ದರೆ ಸೈಟು ವಾಪಸ್ ಪಡೆಯುತ್ತೇವೆ ಎಂದು ನೋಟಿಸ್ ಬಂದಾಗಲೆಲ್ಲ ನಾಗರತ್ನ ಅದನ್ನು ಹಿಡಿದು ನನ್ನ ಹತ್ತಿರ ಬರುವಳು, ನಾನು ಇನ್ನೊಂದು ವರ್ಷ ಗಡುವು ಕೇಳಿ ಅರ್ಜಿ ಬರೆದುಕೊಡುವೆನು. ಗಂಡ ಅಮೆರಿಕದ ಸರದಿ ಕಾಯುತ್ತಿದ್ದ, ಹೆಂಡತಿ ಗಂಡನನ್ನು ಕಾಯುತ್ತಿದ್ದಳು. ಎರಡಕ್ಕೂ ಅರ್ಜಿ ಬರೆಯುತ್ತಿದ್ದವಳು ನಾನು.

ಸರದಿಯದೂ ಒಂದು ಕಥೆ. ಯಾವ ತಾರೀಖಿನವರೆಗೆ ಹಾಕಿದ ಅರ್ಜಿಗಳ ಪಾಳಿ ಬಂದಿದೆ ಎಂದು ಆ ದೇಶದವರು ಪ್ರತಿ ತಿಂಗಳೂ ಪಟ್ಟಿ ಹಾಕುತ್ತಾರೆ. ಗಾದಿಲಿಂಗ ತಿಂಗಳಿಗೊಮ್ಮೆ ಕೈಯ ಗ್ರೀಸು ಒರೆಸಿಕೊಂಡು ಬಂದು ನನ್ನ ಕಂಪ್ಯೂಟರಿನ ಮುಂದೆ ಕೈಮುಗಿದು ನಿಲ್ಲುವನು. ತಿಂಗಳಿಗೆ ಒಂದು ವಾರ ಮುಂದೆ ಹೋದರೆ ಪುಣ್ಯ. ಕೆಲವು ಸಲ ಒಂದು ವರ್ಷ ಹಿಂದಕ್ಕೇ ಹೋಗುತ್ತಿತ್ತು. ಕಳೆದ ಕಾಲ ಮತ್ತೆ ಬರುವುದಿಲ್ಲ ಎನ್ನುವವರು ಒಮ್ಮೆ ವೀಸಾ ಪಟ್ಟಿ ನೋಡಬೇಕು. “ಹಿಂದಕ ಹೋತೇನ್ರಿ? ಹೋಗ್ಲಿ ಬಿಡ್ರಿ, ಟಗರು ಹಿಂದಕ ಸರದದ್ದು ಗುಮ್ಮಾಕ” ಎಂದು ನನಗೇ ಸಮಾಧಾನ ಹೇಳಿ ಹೋಗುವನು.

ಇನ್ನು ಕಾಗದಗಳು. ನಾಗರತ್ನ ಉಚ್ಚಂಗಿದುರ್ಗದ ಕಡೆಯವಳು, ಹರಪನಹಳ್ಳಿ ತಾಲೂಕು. ಹುಟ್ಟಿದಾಗ ಅವಳ ಊರು ಬಳ್ಳಾರಿ ಜಿಲ್ಲೆ, ಮದುವೆಯಾದಾಗ ದಾವಣಗೆರೆ, ಆಮೇಲೆ ಮತ್ತೆ ಬಳ್ಳಾರಿ, ಈಗ ವಿಜಯನಗರ. ಹುಟ್ಟಿದ ಊರಿಗೆ ಇಷ್ಟೊಂದು ಜಿಲ್ಲೆ ಹೇಗೆ ಎಂದು ಅಮೆರಿಕದ ವೀಸಾ ಕಚೇರಿಯಿಂದ ಪತ್ರ ಬಂತು. ಊರು ಕೂತಲ್ಲೇ ಕೂತಿದೆ, ಜಿಲ್ಲೆಗಳೇ ಬಂದು ಹೋಗುತ್ತಿವೆ ಎಂದು ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅದು ಸರಿಹೋಗುವಷ್ಟರಲ್ಲಿ ಪೊಲೀಸರ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಅದನ್ನು ಹೊಸದಾಗಿ ತರುವಷ್ಟರಲ್ಲಿ ಪಾಸ್‌ಪೋರ್ಟು ಹಳತಾಗಿತ್ತು.

ಕೊನೆಗೆ 2025ರ ಜನವರಿಯಲ್ಲಿ ಮುಂಬೈಗೆ ಸಂದರ್ಶನಕ್ಕೆ ಕರೆ ಬಂತು. ಗಂಡ ಹೆಂಡತಿ ಹೋದರು. ಮೂರನೇ ದಿನ ಗಾದಿಲಿಂಗ ಮುಖ ಸಣ್ಣದು ಮಾಡಿಕೊಂಡು ನನ್ನ ಅಂಗಡಿಗೆ ಬಂದ. ಕೈಯಲ್ಲೊಂದು ಚೀಟಿ. ಆಡಳಿತಾತ್ಮಕ ಪರಿಶೀಲನೆಗೆ ಇಡಲಾಗಿದೆ, ಒಡಹುಟ್ಟಿದವರೆಂಬುದಕ್ಕೆ ಇನ್ನೂ ದಾಖಲೆ ಬೇಕು ಎಂದು ಅದರಲ್ಲಿತ್ತು.

“ಏನಂದ್ರು ಅಣ್ಣ?”

“ಅಕ್ಕ ಹುಟ್ಟಿದ್ದು ಎಪ್ಪತ್ನಾಕನೇ ಇಸ್ವಿ ಮಾರ್ಚ್ ಹನ್ನೆರಡು, ನೀನು ಹುಟ್ಟಿದ್ದು ಅದ ವರ್ಷ ಆಗಸ್ಟ್ ಎಂಟು. ಒಬ್ಬ ತಾಯಿ ಐದು ತಿಂಗಳಿಗೆ ಎರಡು ಹೆಂಗ ಹಡೀತಾಳ ಅಂತ ಕೇಳಿದ್ರಿ. ತಾರೀಖು ತಪ್ಪೈತಾ ಅಂದ್ರು. ಹೌದ್ರಿ ಅಂದೆ.”

ನಾನು ಹಣೆ ಚಚ್ಚಿಕೊಂಡೆ. ಹತ್ತೊಂಬತ್ತು ವರ್ಷ ಆ ಎರಡು ತಾರೀಖನ್ನು ಒಂದರ ಕೆಳಗೊಂದು ನಾನೇ ಟೈಪ್ ಮಾಡಿದ್ದೇನೆ, ಒಮ್ಮೆಯೂ ಕಣ್ಣಿಗೆ ಬಿದ್ದಿಲ್ಲ. ತಪ್ಪನ್ನು ಹೊರಿಸಲು ಒಬ್ಬರು ಬೇಕಲ್ಲ. ಅವರ ಹಳ್ಳಿಯ ಶಾಲೆಯ ಪಾಲಯ್ಯ ಮೇಷ್ಟ್ರು ಸಿಕ್ಕರು. ತೀರಿಕೊಂಡು ಬಹಳ ವರ್ಷವಾಗಿದೆ, ಎದುರು ಮಾತಾಡುವುದಿಲ್ಲ. ನಮ್ಮ ಕಡೆ ಮಕ್ಕಳನ್ನು ಶಾಲೆಗೆ ಹಾಕುವಾಗ ಹುಟ್ಟಿದ ದಿನ ಯಾರಿಗೂ ನೆನಪಿರುತ್ತಿರಲಿಲ್ಲ, ಮೇಷ್ಟ್ರುಗಳು ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಅರ್ಧ ತಾಲೂಕು ಹುಟ್ಟಿದ್ದು ಜೂನ್ ಒಂದಕ್ಕೇ. ಈ ಮಹಾನುಭಾವ ಅದನ್ನೂ ಬಿಟ್ಟು ಬಾಯಿಗೆ ಬಂದ ತಾರೀಖು ಬರೆದು ಒಂದು ಸಂಸಾರ ಕೆಡಿಸಿದ ಎಂದು ನಾವಿಬ್ಬರೂ ಮನಸಾರೆ ಬೈದೆವು. ಗಾದಿಲಿಂಗ ನನಗಿಂತ ಜೋರಾಗಿ ಬೈದ. ಅದನ್ನು ನಾನು ಮರೆಯುವುದಿಲ್ಲ.

ವಕೀಲರನ್ನು ಹಿಡಿದೆವು. ಗಾದಿಲಿಂಗ ಹುಟ್ಟಿದ್ದು ಎರಡು ವರ್ಷ ಆಮೇಲೆ ಎಂದು ತಿದ್ದುಪಡಿಗೆ ಕೋರ್ಟಿನಲ್ಲಿ ಅರ್ಜಿ ಬಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಾವು. ಹಳ್ಳಿ ಕೂಡ್ಲಿಗಿ ತಾಲೂಕು, ವಾಸ ಕೊಟ್ಟೂರು ತಾಲೂಕು. ಜನನ ನೋಂದಣಿ ಇಲ್ಲ ಎನ್ನುವ ಒಂದು ಪತ್ರಕ್ಕೆ ಎರಡೂ ಕಚೇರಿ ಅಲೆದು ಆರು ತಿಂಗಳು ಹೋಯಿತು. ಅಷ್ಟರಲ್ಲಿ ನಾಗರತ್ನಳಿಗೆ ಕಡೆಯ ನೋಟಿಸ್ ಬಂತು. ಡಿಸೆಂಬರಿನೊಳಗೆ ಗೋಡೆ ಏಳದಿದ್ದರೆ ಸೈಟು ಹೋಯಿತು, ಇನ್ನು ಗಡುವು ಇಲ್ಲ. ನಾನು ಅರ್ಜಿ ಬರೆಯಲೇ ಎಂದು ಕೇಳಿದೆ. ಅವಳು ಬೇಡ ಎಂದಳು. ನೋಟಿಸನ್ನು ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡು ಹೋದಳು.

ಕೋರ್ಟಿನಲ್ಲಿ ಸಾಕ್ಷಿ ಹೇಳಲು ಗಿಡ್ಡಮ್ಮನೇ ಬೇಕಾಯಿತು. ಎಂಬತ್ತು ದಾಟಿದ ಮುದುಕಿ, ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ಮಗಳು ಅಮೆರಿಕಕ್ಕೆ ಕರೆದಾಗ, “ಅಲ್ಲಿ ನೆಲದ ಮ್ಯಾಲೆ ಕುಂದರ್ತಾರೇನು?” ಎಂದು ಕೇಳಿ, ಇಲ್ಲ ಎಂದಮೇಲೆ ಮಾತೇ ಮುಗಿಸಿದವಳು. ವಕೀಲರು ಅವಳಿಗೆ ಮೂರು ಸಲ ಪಾಠ ಹೇಳಿಕೊಟ್ಟಿದ್ದರು. ನಾನೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ.

“ಅಮ್ಮ, ನಿಮ್ಮ ಮಗನ ಹುಟ್ಟಿದ ತಾರೀಖನ್ನ ಮೇಷ್ಟ್ರು ತಪ್ಪು ಬರೆದಿದಾರೆ, ಹೌದಲ್ಲ?” ಎಂದರು ವಕೀಲರು.

“ಯಾಕ ತಪ್ಪು ಬರೀತಾರ? ಪಾಲಯ್ಯ ಮೇಷ್ಟ್ರು ಪಂಚಾಂಗ ತಗದು, ನನ್ನ ಮುಂದ ಕುಂದ್ರಿಸ್ಕೊಂಡು ಕೇಳಿ ಕೇಳಿ ಬರದಾರ. ದುರುಗಿ ಹೋಳಿ ಹುಣ್ಣಿವಿ ಆಗಿ ನಾಕು ದಿನಕ್ಕ ಹುಟ್ಯಾಳ. ಇವ ಶ್ರಾವಣದಾಗ.”

ವಕೀಲರು ಬೆವರೊರೆಸಿಕೊಂಡರು. ನ್ಯಾಯಾಧೀಶೆ ಚಿಕ್ಕ ವಯಸ್ಸಿನವರು, ಪೆನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದರು. “ಅಜ್ಜಿ, ಐದು ತಿಂಗಳಲ್ಲಿ ಎರಡು ಮಕ್ಕಳು ಹೇಗೆ?”

“ದುರುಗಿನ್ನ ಹಡದಾಕಿ ನಮ್ಮಕ್ಕ ಹಂಪಕ್ಕ ರೀ ಅವ್ವಾರ. ಹಂಪಸಾಗರಕ್ಕ ಕೊಟ್ಟಿದ್ವಿ. ಹಡದ ಇಪ್ಪತ್ತು ದಿನಕ್ಕ ತೀರ್ಕೊಂಡ್ಳು. ಕೂಸಿನ್ನ ಉಡಿಯಾಗ ಹಾಕ್ಕೊಂಡು ಬಂದೆ. ಶ್ರಾವಣತನ ಆಡಿನ ಹಾಲು ಹಾಕಿದೆ. ಆಮ್ಯಾಲೆ ಇವ ಹುಟ್ಟಿದ. ಆ ಕಡಿ ಒಂದು, ಈ ಕಡಿ ಒಂದು, ಕುಡಿಸಿ ಬೆಳೆಸಿದೆ.”

“ದತ್ತು ತಗೊಂಡಿದ್ದಕ್ಕೆ ಪತ್ರ ಏನಾದರೂ ಇದೆಯಾ?”

ಗಿಡ್ಡಮ್ಮ ಆ ಹುಡುಗಿಯನ್ನು ಮರುಕದಿಂದ ನೋಡಿದಳು. “ಮೊಲಿ ಕುಡಿಸಾಕ ಪತ್ರ ಬರಸ್ತಾರೇನವ್ವ?”

ಅರ್ಜಿದಾರನ ತಾಯಿಯೇ ತಾರೀಖು ಸರಿ ಎಂದಮೇಲೆ ತಿದ್ದುವುದೇನಿದೆ? ಅರ್ಜಿ ವಜಾ ಆಯಿತು. ಹೊರಗೆ ಬೇವಿನ ಮರದ ಕೆಳಗೆ ನಾನು ಗಾದಿಲಿಂಗನನ್ನು ಹಿಡಿದುಕೊಂಡೆ. “ನಿಮಗಿದು ಗೊತ್ತಿತ್ತಾ?”

“ಗೊತ್ತಿತ್ತಲ್ರಿ. ನಮ್ಮ ಇಡೀ ಹಳ್ಳಿಗೆ ಗೊತ್ತೈತಿ.”

“ಮತ್ತೆ ನನಗೆ ಯಾಕೆ ಹೇಳಲಿಲ್ಲ?”

“ನೀವು ಕೇಳ್ಲಿಲ್ಲಲ್ರಿ ಅಕ್ಕಾರ. ತಾಯಿ ಹೆಸರೇನು ಅಂದ್ರಿ. ಗಿಡ್ಡಮ್ಮ ಅಂದೆ. ಅಕ್ಕಗ ಬ್ಯಾರೆ ತಾಯಿ ಯಾರದಾರ?”

“ಮುಂಬೈಯಲ್ಲಿ ತಾರೀಖು ತಪ್ಪು ಅಂತ ಯಾಕೆ ಒಪ್ಪಿಕೊಂಡ್ರಿ? ಪಾಪ, ಆ ಮೇಷ್ಟ್ರನ್ನ ಆರು ತಿಂಗಳು ಬೈದ್ರಲ್ಲ!”

“ಗಾಜಿನ ಹಿಂದ ಕುಂತ ದೊಡ್ಡ ಮನುಷ್ಯಾ ತಪ್ಪೈತಿ ಅಂದ್ರ, ಇಲ್ಲ ಅನ್ನಾಕ ಆಗ್ತೈತೇನ್ರಿ? ಅವ್ರು ಅಂದಮ್ಯಾಲೆ ತಪ್ಪ ಇರಬೇಕು ಅಂದ್ಕೊಂಡೆ.”

ಇಡೀ ತಾಲೂಕಿನಲ್ಲಿ ಪಂಚಾಂಗ ನೋಡಿ ಸರಿಯಾದ ತಾರೀಖು ಬರೆದ ಒಬ್ಬನೇ ಒಬ್ಬ ಮೇಷ್ಟ್ರನ್ನು ನಾವು ಕಳ್ಳನನ್ನಾಗಿ ಮಾಡಿದ್ದೆವು. ದತ್ತುಪತ್ರ ಇಲ್ಲದ ಮೇಲೆ ಕಾಗದದಲ್ಲಿ ಗಾದಿಲಿಂಗ ದುರ್ಗಾದೇವಿಯ ತಮ್ಮನಲ್ಲ, ಚಿಕ್ಕಮ್ಮನ ಮಗ; ಚಿಕ್ಕಮ್ಮನ ಮಗನನ್ನು ಕರೆಸಿಕೊಳ್ಳುವುದಕ್ಕೆ ಆ ದೇಶದ ಕಾನೂನಿನಲ್ಲಿ ಸಾಲೇ ಇಲ್ಲ. ಇಲ್ಲದ ಸಾಲಿನಲ್ಲಿ ನಾವು ಹತ್ತೊಂಬತ್ತು ವರ್ಷ ನಿಂತಿದ್ದೆವು.

ಅಂದು ಸಂಜೆ ನನ್ನ ಅಂಗಡಿಯಿಂದಲೇ ದುರ್ಗಾದೇವಿಗೆ ಫೋನು ಮಾಡಿದೆವು. ಎಲ್ಲ ಕೇಳಿ ಅವಳು ಅತ್ತಳು. “ಪುಷ್ಪಕ್ಕ, ಸುಳ್ಳು ಬರೀಬೇಕಂತ ಬರೀಲಿಲ್ರಿ. ತಾಯಿ ಅಂತ ಬರೆಯಾಕ ನನಗ ಇನ್ನೊಂದು ಹೆಸರ ಹೊಳೀಲಿಲ್ಲ. ಅರ್ಜಿ ವಾಪಸ್ ತಗೊಂತೀನಿ. ಗಾದಿ, ನಿಮ್ಮಿಬ್ಬರ ಟಿಕೀಟಿಗಂತ ತಗದಿಟ್ಟದ್ದು ನಾಗಿಗೆ ಕಳಸ್ತೀನಿ, ಆಕಿ ಗ್ವಾಡಿ ಎಬ್ಬಿಸ್ಲಿ.” ನಾಗರತ್ನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮರುದಿನ ಬೆಳಿಗ್ಗೆ ಏಳಕ್ಕೆ ಸೈಟಿನಲ್ಲಿ ಪಾಯದ ಗೆರೆ ಹಾಕಿಸುತ್ತಿದ್ದಳು.

ಮುಗಿಯಿತು ಎಂದುಕೊಂಡೆ. ಅಮೆರಿಕದವರು ಅಷ್ಟು ಬೇಗ ಮುಗಿಸುತ್ತಾರೆಯೇ? ನವೆಂಬರಿನಲ್ಲಿ ಇ-ಮೇಲ್ ಬಂತು: ಅರ್ಜಿ ಹಿಂಪಡೆಯುವ ನಿಮ್ಮ ಕೋರಿಕೆ ತಲುಪಿದೆ, ಅದು ಪರಿಶೀಲನೆಯಲ್ಲಿದೆ, ಅಲ್ಲಿಯವರೆಗೆ ನಿಮ್ಮ ಪ್ರಕರಣ ಜಾರಿಯಲ್ಲಿರುತ್ತದೆ, ದಯವಿಟ್ಟು ಕಾಯಿರಿ. ಬೇಡ ಎನ್ನುವುದಕ್ಕೂ ಸರದಿ! ನಾನು ಬಿದ್ದು ಬಿದ್ದು ನಕ್ಕೆ. ಗಾದಿಲಿಂಗ ನಗಲಿಲ್ಲ. ಪ್ರಿಂಟ್ ತೆಗೆಸಿಕೊಂಡು, ನನ್ನ ಸ್ಕೂಟಿ ಹೊರಡಿಸಿ, ಹಿಂದೆ ಕುಳಿತು ಸೈಟಿಗೆ ಬಂದ.

ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ನಾಗರತ್ನ ಪೈಪು ಹಿಡಿದು ಹಸಿ ಗೋಡೆಗೆ ನೀರು ಹೊಡೆಯುತ್ತಿದ್ದಳು.

“ನಾಗಿ, ಇಲ್ಲಿ ನೋಡು, ಇನ್ನಾ ಜಾರಿಯಾಗೈತಂತ! ಮುಂದ್ಯಾವಾಗರ ಕರೆದುಬಿಟ್ರ?”

ಅವಳು ಕಾಗದ ನೋಡಲಿಲ್ಲ. ನೀರು ನಿಲ್ಲಿಸಿ, ಬಾಗಿಲು ಬರಬೇಕಾದ ಜಾಗದಲ್ಲಿ ಇಟ್ಟಿಗೆಯ ಮೇಲೆ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡಳು.

“ಕರೆದ್ರ ಹೋಗು. ಹತ್ತೊಂಬತ್ತು ವರ್ಷ ನಿನ್ನ ಕೂಡ ನಾನೂ ಹೊಂಟು ನಿಂತಿದ್ದೆ, ಕಾಲು ಸೋತ್ವು. ಇನ್ನ ನಾ ಕುಂದರ್ತೀನಿ.”

ಗಾದಿಲಿಂಗ ನನ್ನ ಮುಖ ನೋಡಿದ. ಈ ಸಲ ನನ್ನ ಹತ್ತಿರ ಬರೆದುಕೊಡಲು ಏನೂ ಇರಲಿಲ್ಲ. ಅವನು ಕಾಗದ ಹಿಡಿದುಕೊಂಡು ಗೋಡೆಯ ಹೊರಗೇ ನಿಂತಿದ್ದ.