ತೋರಿಸದ ಕೈ

ಗುಂಡಿ ನನಗೆ ಕಂಡಿತ್ತು, ಶರಣು. ಕಂಡೂ ನಾನು ಕೈ ತೋರಿಸಲಿಲ್ಲ. ಬೇಕಂತಲೇ ತೋರಿಸಲಿಲ್ಲ.

ನಾವು ಚಡ್ಡಿ ದೋಸ್ತರು. ಕಲಬುರಗಿಯಿಂದ ಕಮಲಾಪುರದ ತನಕ ದಿನಾ ಬೆಳಿಗ್ಗೆ ಸೈಕಲ್ ತುಳಿದು ಕಲಿತದ್ದೇ ಇದು — ಮುಂದಿನವನಿಗೆ ಗುಂಡಿ ಕಂಡರೆ ಕೈ ಕೆಳಗೆ ಚಾಚಿ ತೋರಿಸಬೇಕು. ಹಿಂದಿನವನಿಗೆ ಕಾಣುವುದು ಮುಂದಿನವನ ಗಾಲಿ ಮಾತ್ರ. ಅವನು ಆ ಕೈಯನ್ನು ನಂಬಿಯೇ ಬರುತ್ತಾನೆ. ಕೆಂಪು ಬಾಳೆಗೊನೆ ಹೇರಿಕೊಂಡು ಟಂಟಂ ಆಟೋಗಳು ಎದುರು ನುಗ್ಗುವ ಆ ರಸ್ತೆಯಲ್ಲಿ ನನ್ನ ಕೈ ನಿನ್ನನ್ನು ಎಷ್ಟು ಸಲ ಉಳಿಸಿತ್ತು!

ನಿನ್ನ ಮಗಳು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಾಗ ನಾವು ಸೈಕಲ್ ತುಳಿಯಲು ಲಡಾಖಿಗೆ ಹೋದೆವು. ತಂಗ್‌ಲಾಂಗ್ ಲಾ ಘಾಟ್ ಏರುವಾಗ ನನಗೆ ಉಸಿರೇ ಸಿಗಲಿಲ್ಲ. ನೀನು ಪಕ್ಕಕ್ಕೆ ಬಂದು ನನ್ನ ಬೆನ್ನಿಗೆ ಕೈ ಕೊಟ್ಟು ದಬ್ಬಿದೆ. ಘಾಟಿನ ನೆತ್ತಿ ಮುಟ್ಟುವವರೆಗೂ ದಬ್ಬಿದೆ. ಮೇಲೆ ನಿಂತಿದ್ದ ಹುಬ್ಬಳ್ಳಿ ಕಡೆಯ ಸವಾರರಿಗೆ ನೀನು ನಗುತ್ತಾ ಅಂದೆ: "ಇಂವಾ ಎಲ್ಲಿ ಹತ್ಯಾನ್ರೀ? ತೊಗರಿ ಚೀಲ ತಂದಂಗ ನಾನಾ ದಬ್ಬಕೊಂಡ್ ತಂದೀನಿ!"

ಚೇಷ್ಟೆ. ದಿನಾ ಮಾಡುವ ಚೇಷ್ಟೆಯೇ. ಆದರೆ ನನ್ನ ತಲೆ ಕೆಟ್ಟಿತು — ಮುಷ್ಟಿ ಕಟ್ಟಿ ನಿನ್ನ ಮೂಗಿಗೆ ಗುದ್ದಿದೆ. ರಕ್ತ ಚಿಮ್ಮಿತು. ನೀನೇನು ಬಿಟ್ಟೆಯಾ? ಕೊರಳಪಟ್ಟಿ ಹಿಡಿದು ನನ್ನನ್ನು ಕಲ್ಲಿನ ಮೇಲೆ ಕೆಡವಿ ಹೊಟ್ಟೆಗೆ ಒದ್ದೆ. ನಾನು ನಿನ್ನ ಕೈ ಕಚ್ಚಿದೆ. ಆ ಸವಾರರು ಬಿಡಿಸಿದರು. ನೀನು ಮೂಗು ಒರೆಸಿಕೊಂಡು ನಕ್ಕೆ: "ಆತ್ ಬಿಡೋ ಮಾರಾಯಾ. ನೀ ಮುಂದ ನಡಿ, ನಾ ನಿನ್ನ ಹಿಂದ ಬರ್ತೀನಿ."

ನಿನ್ನ ಸಿಟ್ಟು ಅಲ್ಲೇ ಇಳಿದಿತ್ತು. ನನ್ನದು ಇಳಿದಿರಲಿಲ್ಲ.

ಇಳಿಜಾರಿನಲ್ಲಿ ಗುಂಡಿ ದೂರದಿಂದಲೇ ಕಂಡಿತು. ರೂಢಿಬಲದಿಂದ ಕೈ ಹ್ಯಾಂಡಲ್ ಬಿಡಲು ಹೊರಟಿತ್ತು — ನಾನೇ ಬಿಗಿಯಾಗಿ ಹಿಡಿದೆ. ಬೀಳಲಿ ಮಗ, ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ನಾನೊಬ್ಬನೇ ಪಕ್ಕಕ್ಕೆ ಸರಿದೆ. ಹಿಂದೆ ಧಡ್ ಎಂದು ಸದ್ದಾಯಿತು... ತಿರುಗಿ ನೋಡಿದರೆ ನೀನು ಬಂಡೆಗೆ ಮುಖ ಹೊಡೆದುಕೊಂಡು ಬಿದ್ದಿದ್ದೆ. ದವಡೆ ಒಂದು ಕಡೆಗೆ ಜೋತಿತ್ತು. ಉದುರಿದ ಹಲ್ಲುಗಳನ್ನು ನೀನು ಅಂಗೈಯಲ್ಲಿ ಹಿಡಿದುಕೊಂಡಿದ್ದೆ. ಎಡಗಣ್ಣು — ಬೇಡ, ಅದನ್ನು ಹೇಳಲು ನನ್ನಿಂದ ಆಗದು.

ಆಸ್ಪತ್ರೆಯಲ್ಲಿ ದವಡೆಗೆ ಕಟ್ಟಿದ್ದ ತಂತಿ ಬಿಚ್ಚಿದ ದಿನ ನೀನು ಆಡಿದ ಮೊದಲ ಮಾತು: "ನೀ ಕೈ ತೋರ್ಸಿರ್ತಿ... ನಾನಾ ನೋಡ್ಲಿಲ್ಲ."

ನಾನು ಹೂಂ ಅಂದೆ. ಗುಂಡಿಯ ಹತ್ತಿರ ತಲೆಗೇರಿದ್ದು ಸಿಟ್ಟು. ಆಸ್ಪತ್ರೆಯಲ್ಲಿ ಯಾವ ಸಿಟ್ಟಿತ್ತು? ತಣ್ಣಗೆ ಕೂತು ಹೂಂ ಅಂದೆನಲ್ಲ! ಈಗಲೂ ಸೂಪರ್ ಮಾರ್ಕೆಟ್ ಪೇಟೆಯ ಚಹಾ ಅಂಗಡಿಯಲ್ಲಿ ಯಾರಾದರೂ ಹೋದ ನಿನ್ನ ಕಣ್ಣಿನ ಬಗ್ಗೆ ಕೇಳಿದರೆ, "ನಂದಾ ಹುಚ್ಚತನ ರೀ" ಅನ್ನುತ್ತೀ. ನಾನು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತೇನೆ. ಥೂ, ನನ್ನ ಜನ್ಮಕ್ಕಿಷ್ಟು!

ನಿನ್ನೆ ನಿನ್ನ ಮಗಳು ಹೊಸ ಸೈಕಲ್ ಹಿಡಿದು ನಿಂತಿದ್ದಳು. ನೀನು ಅವಳ ತಲೆ ಸವರಿ, ನನ್ನ ಕಡೆ ತೋರಿಸಿ ಅಂದೆ: "ಐತವಾರ ಕಮಲಾಪುರಕ್ಕ ಕಾಕಾನ ಹಿಂದ ಹೋಗವಾ. ಅವನ ಕೈ ನೋಡ್ಕೊಂತ ಹೋದ್ರ ಏನೂ ಆಗಂಗಿಲ್ಲ."

ಇವತ್ತೇ ಖೂಬಾ ಪ್ಲಾಟ್ ಬಡಾವಣೆಯ ನಿನ್ನ ಮನೆಗೆ ಬಂದು ಇದಿಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಹೊಡಿ, ಬಡಿ, ಮನೆಯಿಂದ ಆಚೆ ತಳ್ಳು. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ಅವಳು ನನ್ನ ಹಿಂದೆ ಸೈಕಲ್ ಹತ್ತುವ ಮೊದಲು ನಿನಗೆ ಗೊತ್ತಿರಬೇಕು — ಗುಂಡಿ ಕಂಡೂ ಕೈ ತೋರಿಸದೆ ಇರಬಲ್ಲ ಮನುಷ್ಯ ನಾನು.